ಡಕಾರ್‌ಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ: ವೊಲೊಫ್ ನುಡಿ ಮತ್ತು ದಿನನಿತ್ಯದ ವ್ಯವಹಾರ

ಡಕಾರ್‌ಗೆ ಹೊರಡುವುದು ಖಚಿತವಾದ ಕೂಡಲೇ ನಮ್ಮವರು ಮೊಬೈಲ್‌ನಲ್ಲಿ ಫ್ರೆಂಚ್ ಪಾಠ ಶುರು ಮಾಡುತ್ತಾರೆ. ತಪ್ಪೇನಿಲ್ಲ. ಸೆನೆಗಲ್‌ನ ಅಧಿಕೃತ ಭಾಷೆ ಅದೇ. ಬ್ಯಾಂಕು, ಬಾಡಿಗೆ ಕರಾರು, ಶಾಲೆಯ ಅರ್ಜಿ, ಔಷಧದ ಚೀಟಿ ಎಲ್ಲವೂ ಫ್ರೆಂಚಿನಲ್ಲಿಯೇ ಇರುತ್ತವೆ. ಆದರೆ ಕಚೇರಿಯ ಬಾಗಿಲು ದಾಟಿ ಬೀದಿಗೆ ಬಂದರೆ ಕಿವಿಗೆ ಬೀಳುವುದು ವೊಲೊಫ್. ಅದೇ ಕಚೇರಿಯ ಗುಮಾಸ್ತರೂ ಕಾಗದ ತುಂಬುವುದು ಫ್ರೆಂಚಿನಲ್ಲಿ, ಪಕ್ಕದ ಮೇಜಿನವರೊಡನೆ ಹರಟುವುದು ವೊಲೊಫ್‌ನಲ್ಲಿ. ಹಾಗಾಗಿ ಇಲ್ಲಿನ ನಮ್ಮ ಕನ್ನಡ ಬಳಗದ ಸಲಹೆ ಇಷ್ಟು: ಫ್ರೆಂಚ್ ವ್ಯಾಕರಣ ನಿಧಾನವಾಗಿ ಬರಲಿ, ವೊಲೊಫ್‌ನ ಕುಶಲೋಪರಿ ಮತ್ತು ದುಡ್ಡಿನ ಲೆಕ್ಕವನ್ನು ಮೊದಲ ವಾರದಲ್ಲಿಯೇ ಕಲಿಯಿರಿ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದೂ ಕನ್ನಡ ಕಲಿಯದವರ ಬಗ್ಗೆ ನಾವೆಲ್ಲ ಗೊಣಗಿದವರೇ. ಇಲ್ಲಿ ಹೊರಗಿನವರು ನಾವು.

ಒಂದೇ ಗೇಟು, ಹಲವು ಮಾತೃಭಾಷೆ

ವೊಲೊಫ್ ಜನಾಂಗದವರು ದೇಶದ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ. ಆದರೂ ಬಹುಪಾಲು ಸೆನೆಗಲ್ಲರಿಗೆ ವೊಲೊಫ್ ಬರುತ್ತದೆ, ಡಕಾರ್‌ನಲ್ಲಂತೂ ಬಾರದವರು ವಿರಳ. 2001ರ ಸಂವಿಧಾನ ವೊಲೊಫ್ ಜೊತೆಗೆ ಪುಲಾರ್, ಸೆರೆರ್, ಜೋಲ, ಮಲಿಂಕೆ, ಸೋನಿಂಕೆ ಭಾಷೆಗಳನ್ನೂ ಹೆಸರಿಸಿ ರಾಷ್ಟ್ರೀಯ ಭಾಷೆಗಳೆಂದು ಮಾನ್ಯ ಮಾಡಿದೆ. ಇದು ಕಾಗದದ ಮಾತಲ್ಲ. ನಿಮ್ಮ ಕಟ್ಟಡದ ಕಾವಲುಗಾರ ಉತ್ತರದ ಫೂಟಾ ಕಡೆಯವರಾದರೆ ಮನೆಮಾತು ಪುಲಾರ್. ಮನೆಗೆಲಸಕ್ಕೆ ಬರುವಾಕೆ ಸೀನ್ ಸೀಮೆಯ ಸೆರೆರ್ ಇರಬಹುದು. ಮೇಲಿನ ಮನೆಯವರು ದಕ್ಷಿಣದ ಕಸಮಾನ್ಸ್‌ನ ಜೋಲ. ಮೂಲೆಯ ಕಿರಾಣಿ ಅಂಗಡಿಯವರು ಗಿನಿ ದೇಶದಿಂದ ಬಂದ ಫುಲಾ ಜನಾಂಗದವರಾಗಿರುವುದು ಸಾಮಾನ್ಯ. ನಾಲ್ವರೂ ಗೇಟಿನ ಬಳಿ ನಿಂತು ಮಾತನಾಡುವುದು ವೊಲೊಫ್‌ನಲ್ಲಿ. ಅಂದರೆ ಎದುರಿಗಿರುವ ಎಷ್ಟೋ ಜನರಿಗೆ ಅದು ಕಲಿತ ಭಾಷೆ. ನೀವು ತಡವರಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಆದರೆ ಎಲ್ಲರನ್ನೂ ‘ವೊಲೊಫ್‌ನವರು’ ಎಂದು ಕರೆಯಬೇಡಿ. ಉತ್ತರ ಕರ್ನಾಟಕದವರನ್ನು ಮದ್ರಾಸಿ ಎಂದಂತಾಗುತ್ತದೆ. ಊರು ಕೇಳಿ, ಇಲ್ಲವೇ ಮನೆತನದ ಹೆಸರು ಕೇಳಿ: ‘ನಾಕ ನ್ಗ ಸಂತ್?’ ಇಲ್ಲಿ ಕುಲನಾಮವೇ ಪರಿಚಯದ ಅರ್ಧ. ಫಾಯ್, ಜೂಫ್ ಎಂದರೆ ಸೆರೆರ್ ಇರಬಹುದು. ಬಾ, ಸೋ ಎಂದರೆ ಪುಲಾರ್. ಜಾಟಾ, ಬಾಜಿ ಎಂದರೆ ಜೋಲ. ಭೇಟಿಯಾದಾಗ ಎದುರಿನವರ ಕುಲನಾಮವನ್ನು ಎರಡೆರಡು ಸಲ ಹೇಳುವುದು ಗೌರವ: ‘ಜೋಪ್, ಜೋಪ್!’ ಇನ್ನು ಜೋಪ್ ಮತ್ತು ಎನ್‌ಜಾಯ್ ಮನೆತನಗಳ ನಡುವೆ ಪರಸ್ಪರ ಗೇಲಿ ಮಾಡುವ ಹಳೆಯ ಸಲುಗೆಯಿದೆ. ಒಬ್ಬರು ಇನ್ನೊಬ್ಬರನ್ನು ಹೊಟ್ಟೆಬಾಕ ಎಂದೋ ನನ್ನ ಆಳು ಎಂದೋ ಜರೆಯುವುದನ್ನು ಕೇಳಿ ಜಗಳ ಎಂದು ಗಾಬರಿಯಾಗಬೇಡಿ. ನಿಮಗೂ ಯಾರಾದರೂ ಒಂದು ಸೆನೆಗಲ್ ಹೆಸರು ಕೊಡುತ್ತಾರೆ, ಒಪ್ಪಿಕೊಳ್ಳಿ. ಆ ಹೆಸರಿನ ಜೊತೆಗೆ ಗೇಲಿ ಮಾಡುವ ಬಂಧುಗಳೂ ಸಿಗುತ್ತಾರೆ.

ಮೊದಲು ಕುಶಲ, ಆಮೇಲೆ ಕೆಲಸ

ನಮ್ಮವರು ಎಡವುವುದು ಇಲ್ಲಿ. ಅಂಗಡಿಗೆ ಹೋಗಿ ನೇರವಾಗಿ ‘ಹಾಲಿದೆಯೇ’ ಎಂದು ಕೇಳುತ್ತೇವೆ. ಇಲ್ಲಿ ಅದು ಒರಟುತನ. ಮಾತು ಹೀಗೆ ಸಾಗಬೇಕು:

‘ಸಲಾಮಾಲೇಕುಮ್.’
‘ಮಾಲೇಕುಮ್ ಸಲಾಮ್.’
‘ನಂಗ ದೆಫ್?’ (ಹೇಗಿದ್ದೀರಿ)
‘ಮಾಂಗಿ ಫಿ ರೆಕ್.’ (ಇದ್ದೇನೆ, ಆರಾಮ)
‘ನಾಕ ವಾ ಕೆರ್ ಗಾ?’ (ಮನೆಯವರೆಲ್ಲ ಹೇಗಿದ್ದಾರೆ)
‘ಞುಂಗ ಫಾ.’ (ಇದ್ದಾರೆ)
‘ಜಮ್ಮ್ ನ್ಗಾಮ್?’ (ನೆಮ್ಮದಿಯಾಗಿದ್ದೀರಾ)
‘ಜಮ್ಮ್ ರೆಕ್.’ (ನೆಮ್ಮದಿಯೇ)

ಇದಾದ ಮೇಲೆ ಹಾಲು. ಅರ್ಧ ನಿಮಿಷದ ಕೆಲಸ. ಸಲಾಮ್ ಹೇಳುವುದಕ್ಕೆ ಧರ್ಮದ ಹಂಗಿಲ್ಲ. ದೇಶದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಮುಸ್ಲಿಮರಾದರೂ ಕ್ರೈಸ್ತರ ಬಾಯಲ್ಲೂ ಇದೇ ಮಾತು. ಕೃತಜ್ಞತೆಗೆ ‘ಜೆರೆಜೆಫ್’, ಅದಕ್ಕೆ ಮರುಮಾತು ‘ಞೋ ಕೊ ಬೊಕ್’. ಬೀದಿಯಲ್ಲಿ ಮಾರಾಟಗಾರರು ಹಿಂದೆ ಬಿದ್ದರೆ ಮುಖ ತಿರುಗಿಸಬೇಡಿ, ‘ಬಾ ಬೆನೆನ್ ಯೋನ್’ ಎನ್ನಿ. ಇನ್ನೊಂದು ಸಲ ನೋಡೋಣ ಎಂದರ್ಥ. ಅವರೂ ನಕ್ಕು ಮುಂದೆ ಹೋಗುತ್ತಾರೆ.

‘ನೀವು’ ಎನ್ನುವ ರೂಢಿಯಿರುವ ನಮಗೆ ಒಂದು ಮುಜುಗರ ಇರುತ್ತದೆ. ವೊಲೊಫ್‌ನಲ್ಲಿ ಹಿರಿಯರಿಗೂ ಕಿರಿಯರಿಗೂ ಒಂದೇ ‘ನ್ಗ’. ಗೌರವ ಇರುವುದು ಸರ್ವನಾಮದಲ್ಲಲ್ಲ, ನಡವಳಿಕೆಯಲ್ಲಿ: ಹಿರಿಯರಿಗೆ ನೀವೇ ಮೊದಲು ಸಲಾಮ್ ಹೇಳುವುದು, ‘ಯಾಯ್’ (ಅಮ್ಮ), ‘ಬಾಯ್’ (ಅಪ್ಪ) ಎಂದು ಕರೆಯುವುದು, ದೃಷ್ಟಿ ನೆಟ್ಟು ದಿಟ್ಟಿಸದಿರುವುದು. ಕೊಡುವುದು, ತೆಗೆದುಕೊಳ್ಳುವುದು, ಉಣ್ಣುವುದು ಬಲಗೈಯಲ್ಲಿ. ಇದನ್ನು ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ದೂರದ ಪ್ರಯಾಣಕ್ಕೆ ಹೊರಟವರು ಬೇಕೆಂದೇ ಎಡಗೈ ಚಾಚುತ್ತಾರೆ. ಆ ತಪ್ಪನ್ನು ಸರಿಪಡಿಸಲು ಮತ್ತೆ ಭೇಟಿಯಾಗಲೇಬೇಕು ಎಂಬ ನಂಬಿಕೆ ಅದು. ನೀವೂ ಎಡಗೈ ಕೊಡಿ. ಇನ್ನೊಬ್ಬರ ಮಗುವನ್ನು ‘ಎಷ್ಟು ಮುದ್ದಾಗಿದೆ, ಎಷ್ಟು ದುಂಡಗಿದೆ’ ಎಂದು ಹೊಗಳಿದರೆ ತಾಯಿ ‘ಕಾರ್!’ ಎನ್ನುತ್ತಾಳೆ. ದೃಷ್ಟಿ ತಾಗದಿರಲಿ ಎಂದು. ಮುಂದಿನ ಸಲ ನೀವೇ ಆ ಪದವನ್ನು ಮೊದಲು ಸೇರಿಸಿಬಿಡಿ.

ಉಚ್ಚಾರಣೆಯಲ್ಲಿ ನಮಗೆ ಯುರೋಪಿನವರಿಗಿಂತ ಹೆಚ್ಚು ಅನುಕೂಲವಿದೆ. ಹ್ರಸ್ವ ದೀರ್ಘ, ಒತ್ತು ಇವೆಲ್ಲ ವೊಲೊಫ್‌ನಲ್ಲಿಯೂ ಅರ್ಥ ಬದಲಿಸುತ್ತವೆ. ಶಾಲೆಯಲ್ಲಿ ಕಲಿತು ಮರೆತ ‘ಞ’ ಇಲ್ಲಿ ದಿನವೂ ಬೇಕು. ‘ಖ’ ಮಾತ್ರ ಗಂಟಲಿನಿಂದ ಉಜ್ಜಿಕೊಂಡು ಬರಬೇಕು, ಉರ್ದು ಕೇಳಿದವರಿಗೆ ಗೊತ್ತು. ಅಂದ ಮಾತ್ರಕ್ಕೆ ಕನ್ನಡದೊಡನೆ ನಂಟು ಕಲ್ಪಿಸಬೇಡಿ. ವೊಲೊಫ್ ನೈಜರ್-ಕಾಂಗೊ ಕುಟುಂಬದ ಭಾಷೆ. ನಂಟು ಹುಡುಕಿದವರು ಇಲ್ಲದಿಲ್ಲ. ದೇಶದ ಮೊದಲ ಅಧ್ಯಕ್ಷ, ಕವಿ ಲಿಯೊಪೋಲ್ಡ್ ಸೆಡಾರ್ ಸೆಂಗೋರ್ ಅವರಿಗೆ ದ್ರಾವಿಡ ಭಾಷೆಗಳ ಮೇಲೆ ಬಹಳ ಒಲವಿತ್ತು. ತುಳು ನಿಘಂಟಿನಿಂದ ನಮಗೆಲ್ಲ ಪರಿಚಿತರಾದ ಡಾ. ಯು. ಪಿ. ಉಪಾಧ್ಯಾಯರು 1970ರ ದಶಕದಲ್ಲಿ ಡಕಾರ್‌ನಲ್ಲಿದ್ದು ದ್ರಾವಿಡ ಮತ್ತು ಆಫ್ರಿಕದ ಭಾಷೆಗಳನ್ನು ಹೋಲಿಸಿ ಸಂಶೋಧನೆ ಮಾಡಿದರು. ಆ ವಾದಕ್ಕೆ ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚು ಮನ್ನಣೆ ಸಿಗಲಿಲ್ಲ. ಆದರೂ ಉಡುಪಿಯ ಕಡೆಯವರೊಬ್ಬರು ನಮಗಿಂತ ಎಷ್ಟೋ ಮುಂಚೆ ಇಲ್ಲಿ ಕಿವಿಗೊಟ್ಟು ಕೂತಿದ್ದರು ಎಂಬುದು ಹೆಮ್ಮೆಯ ವಿಷಯವೇ.

ಐದರಿಂದ ಗುಣಿಸಿ

ಇದನ್ನು ಓದದೆ ಸಂತೆಗೆ ಹೋಗಬೇಡಿ. ಎಣಿಕೆ ಸುಲಭ: ಬೆನ್ನ್, ಞಾರ್, ಞೆತ್ತ್, ಞೇಂತ್, ಜುರೋಮ್. ಆರು ಎಂದರೆ ಐದು-ಒಂದು, ‘ಜುರೋಮ್ ಬೆನ್ನ್’. ಹತ್ತು ‘ಫುಕ್ಕ್’, ನೂರು ‘ತೇಮೇರ್’, ಸಾವಿರ ‘ಜುನ್ನಿ’. ತೊಡಕು ದುಡ್ಡಿನಲ್ಲಿ. ವೊಲೊಫ್‌ನಲ್ಲಿ ಹಣ ಎಣಿಸುವ ಮೂಲಮಾನ ಒಂದು ಫ್ರಾಂಕ್ ಅಲ್ಲ, ಐದು ಫ್ರಾಂಕ್; ಅದಕ್ಕೆ ‘ದೆರೆಮ್’ ಎನ್ನುತ್ತಾರೆ. ಹಾಗಾಗಿ ‘ಫುಕ್ಕ್’ ಎಂದರೆ 50 ಫ್ರಾಂಕ್, ‘ತೇಮೇರ್’ ಎಂದರೆ 500, ‘ಜುನ್ನಿ’ ಎಂದರೆ 5000.

ಕಾಸ್ಟೋರ್ ಮಾರುಕಟ್ಟೆಯಲ್ಲಿ ತರಕಾರಿಯ ಗುಡ್ಡೆ ತೋರಿಸಿ ‘ಞಾತ ಲಾ?’ (ಎಷ್ಟು) ಎಂದು ಕೇಳುತ್ತೀರಿ. ಆಕೆ ‘ಞೆತ್ತಿ ತೇಮೇರ್’ ಎನ್ನುತ್ತಾಳೆ. ಪುಸ್ತಕದ ಪ್ರಕಾರ ಮುನ್ನೂರು. ನೀವು ಮುನ್ನೂರು ಚಾಚಿದರೆ ಆಕೆ ಅಕ್ಕಪಕ್ಕದವರನ್ನು ಕರೆದು ನಗುತ್ತಾಳೆ, ಏಕೆಂದರೆ ಕೇಳಿದ್ದು 1500. ‘ಸೇರ್ ನ’ (ದುಬಾರಿಯಾಯಿತು), ‘ವಞ್ಞಿ ಕೊ’ (ಇಳಿಸಿ) ಎನ್ನಿ. ‘ಞಾರಿ ತೇಮೇರ್’ಗೆ, ಅಂದರೆ ಸಾವಿರಕ್ಕೆ ಇಳಿಯಬಹುದು. ಅಷ್ಟರಲ್ಲಿ ಪಕ್ಕದವಳು ಫ್ರೆಂಚಿನಲ್ಲಿ ‘ಮಿಲ್’ ಎಂದರೆ ಅದೂ ಸಾವಿರವೇ, ಗುಣಿಸಬೇಡಿ. ಸೂತ್ರ ಇಷ್ಟೇ: ಸಂಖ್ಯೆ ವೊಲೊಫ್ ಆದರೆ ಐದರಿಂದ ಗುಣಿಸಿ, ಫ್ರೆಂಚ್ ಆದರೆ ಹಾಗೆಯೇ ಬಿಡಿ. ಒಂದೇ ವಾಕ್ಯದಲ್ಲಿ ಎರಡೂ ಬರುವುದುಂಟು, ಜಾಗ್ರತೆ.

ಇಲ್ಲಿನ ಸಿಎಫ್‌ಎ ಫ್ರಾಂಕ್ ಯೂರೋಗೆ ಕಟ್ಟುಬಿದ್ದ ನಾಣ್ಯ, 1 ಯೂರೋಗೆ 655.957. ಚಿಲ್ಲರೆಗೆ ಸದಾ ಬರ. ದೊಡ್ಡ ನೋಟು ಹಿಡಿದು ಟ್ಯಾಕ್ಸಿ ಹತ್ತಬೇಡಿ. ಮೊಬೈಲ್‌ನಲ್ಲೇ ದುಡ್ಡು ಕೊಡುವ ವೇವ್, ಆರೆಂಜ್ ಮನಿ ಖಾತೆಗಳನ್ನು ಬೇಗ ಮಾಡಿಸಿಕೊಳ್ಳಿ. ವಿದ್ಯುತ್ತಿನ ಮುಂಗಡ ಮೀಟರ್‌ಗೆ ‘ವೊಯೊಫಾಲ್’ ಎನ್ನುತ್ತಾರೆ. ಅದಕ್ಕೂ ಮೊಬೈಲ್‌ನಿಂದಲೇ ದುಡ್ಡು ಹಾಕಿ ಸಂಕೇತ ಸಂಖ್ಯೆ ಪಡೆಯಬಹುದು.

ಊಟದ ವಿಚಾರ

ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ. ಮೀನೂ ಬೇಡ ಎಂದರೆ ಕೋಳಿ ಬರುತ್ತದೆ. ಆದ್ದರಿಂದ ಮೂರನ್ನೂ ಬಿಡಿಸಿ ಹೇಳಿ: ‘ದುಮ ಲೆಕ್ಕ್ ಯಪ್ಪ್, ದುಮ ಲೆಕ್ಕ್ ಜೆನ್, ದುಮ ಲೆಕ್ಕ್ ಗಿನಾರ್.’ ಇಷ್ಟಾದರೂ ಸಾರಿನಲ್ಲಿ ಒಣಮೀನು, ಮ್ಯಾಗಿ ಗಟ್ಟಿ (ನೂಡಲ್ಸ್ ಅಲ್ಲ, ರುಚಿಗೆ ಹಾಕುವ ಬಿಲ್ಲೆ) ಇರಬಹುದು. ಕಟ್ಟುನಿಟ್ಟಿನವರು ಮನೆಯ ಅಡುಗೆಯನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು. ಬೆಳಗ್ಗೆ ಬೀದಿಬದಿಯಲ್ಲಿ ಹೆಂಗಸರು ಬ್ರೆಡ್ಡಿನೊಳಗೆ ತುಂಬಿ ಕೊಡುವ ‘ಎನ್‌ದಂಬೆ’ ಅಲಸಂದೆ ಕಾಳಿನ ಪಲ್ಯ, ಎಣ್ಣೆಯಲ್ಲಿ ಕರಿದ ‘ಅಕರಾ’ ಅಲಸಂದೆ ವಡೆ. ಹಾಕಿರುವುದು ಏನೇನು ಎಂದು ಕೇಳಿ ತಿನ್ನಿ.

ಸಾಮಾನಿನ ವಿಷಯದಲ್ಲಿ ಊರು ಅಷ್ಟೇನೂ ದೂರವಿಲ್ಲ. ಅಕ್ಷಾಂಶದಲ್ಲಿ ಡಕಾರ್ ನಮ್ಮ ಹಾವೇರಿಯ ನೇರಕ್ಕಿದೆ. ಮಳೆಗಾಲ ಜುಲೈಯಿಂದ ಅಕ್ಟೋಬರ್. ‘ದುಗುಬ್’ ನಮ್ಮ ಸಜ್ಜೆ, ಬಡಾವಣೆಯ ಗಿರಣಿಯಲ್ಲಿ ಹಿಟ್ಟು ಮಾಡಿಸಿ ರೊಟ್ಟಿ ತಟ್ಟಬಹುದು. ‘ಗೆರ್ತೆ’ ಶೇಂಗಾ, ‘ಕಂಜ’ ಬೆಂಡೆಕಾಯಿ, ‘ದಖಾರ್’ ಹುಣಸೆ, ‘ನೆಬೆದಾಯ್’ ನುಗ್ಗೆ. ‘ಬಿಸಾಪ್’ ಕೆಂಪು ಪಾನಕದ ಹೂವಿನ ಗಿಡದ ಎಲೆಯೇ ನಮ್ಮ ಪುಂಡಿ ಪಲ್ಯದ ಸೊಪ್ಪು. ಸವಣೂರಿನ ಮಠದಲ್ಲಿರುವ ದೊಡ್ಡಹುಣಸೆ ಮರಗಳನ್ನು ಕಂಡವರಿಗೆ ಇಲ್ಲಿನ ಬಾವೋಬಾಬ್ ಹೊಸದಲ್ಲ, ಎರಡೂ ಒಂದೇ ಜಾತಿ. ಅದರ ಕಾಯಿಯ ಹುಳಿಮಿಶ್ರಿತ ಪಾನಕ ‘ಬುಯ್’ ಸೊಗಸಾಗಿರುತ್ತದೆ. ತೊಗರಿಬೇಳೆ, ಇಂಗು, ಸಾರಿನ ಪುಡಿಯನ್ನು ಮಾತ್ರ ಊರಿನಿಂದ ತನ್ನಿ.

ಊಟದ ಹೊತ್ತಿಗೆ ಯಾರ ಮನೆಗೆ ಹೋದರೂ ‘ಕಾಯ್ ಲೆಕ್ಕ್’, ಬನ್ನಿ ಉಣ್ಣಿ ಎಂದು ಕರೆಯುತ್ತಾರೆ. ದೊಡ್ಡ ತಟ್ಟೆಯ ಸುತ್ತ ಎಲ್ಲರೂ ಕೂರುತ್ತಾರೆ. 2021ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿದ ‘ಚೆಬು ಜೆನ್’ (ಮೀನಿನ ಅನ್ನ) ಅದರಲ್ಲಿರುತ್ತದೆ. ನಿಮ್ಮ ಮುಂದಿರುವ ಭಾಗವನ್ನಷ್ಟೇ ಉಣ್ಣಿ. ಮಧ್ಯದ ಮೀನು, ತರಕಾರಿಯನ್ನು ಮನೆಯಾಕೆಯೇ ಮುರಿದು ನಿಮ್ಮತ್ತ ತಳ್ಳುತ್ತಾರೆ. ನಮ್ಮ ಎಂಜಲಿನ ಕಟ್ಟುಪಾಡು ಅಡ್ಡ ಬಂದರೆ ಒಂದು ಚಮಚ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಉಣ್ಣಲಾಗದಿದ್ದರೆ ‘ಸೂರ್ ನಾ’ (ಹೊಟ್ಟೆ ತುಂಬಿದೆ) ಎನ್ನಿ. ಆಮೇಲೆ ಬರುವ ‘ಅತಾಯ’ ಚಹಾ ಮೂರು ಸುತ್ತು. ಆತುರವಿದ್ದವರು ಮೊದಲೇ ಹೇಳಿ ಎದ್ದುಬಿಡುವುದು ಲೇಸು.

ಮಕ್ಕಳು

‘ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಫ್ರೆಂಚ್ ಇಲ್ಲವೇ ಇಂಗ್ಲಿಷ್, ಅಂಗಳದಲ್ಲಿ ವೊಲೊಫ್, ಮಗುವಿಗೆ ಗೊಂದಲವಾಗುವುದಿಲ್ಲವೇ?’ ಬಳಗಕ್ಕೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕಸಮಾನ್ಸ್‌ನ ಜಿಗ್ವಿನ್‌ಶೋರ್ ಪಟ್ಟಣದ ಮಗು ಮನೆಯಲ್ಲಿ ಜೋಲ, ಬೀದಿಯಲ್ಲಿ ವೊಲೊಫ್, ಶಾಲೆಯಲ್ಲಿ ಫ್ರೆಂಚ್ ಆಡಿಕೊಂಡೇ ಬೆಳೆಯುತ್ತದೆ. ಅದನ್ನು ಯಾರೂ ಸಾಹಸ ಎಂದು ಕರೆಯುವುದಿಲ್ಲ. ಗೊಂದಲ ಆಗುವುದು ತಂದೆತಾಯಿ ಹೆದರಿ ಮನೆಯಲ್ಲೂ ಇಂಗ್ಲಿಷಿಗೆ ಹಾರಿದಾಗ. ಕನ್ನಡ ಬಿಡಬೇಡಿ. ಸಂಜೆ ಮಕ್ಕಳನ್ನು ಫುಟ್‌ಬಾಲ್‌ಗೆ ಕಳುಹಿಸಿ, ವೊಲೊಫ್ ತಾನಾಗಿ ಬರುತ್ತದೆ. ಕೆಲವೇ ತಿಂಗಳಲ್ಲಿ ಸಂತೆಯಲ್ಲಿ ಅವರೇ ನಿಮ್ಮ ದುಭಾಷಿಗಳಾಗುತ್ತಾರೆ.

ಓಡಾಟ ಮತ್ತು ತುರ್ತು

ಹಳದಿ-ಕಪ್ಪು ಟ್ಯಾಕ್ಸಿಗೆ ಹತ್ತುವ ಮೊದಲೇ ಬಾಡಿಗೆ ಮಾತನಾಡಿ. ಬೀದಿ ತುಂಬ ಓಡುವ ಮಿನಿಬಸ್ಸನ್ನು ಜನ ‘ಟಾಟಾ’ ಎಂದೇ ಕರೆಯುತ್ತಾರೆ. ಹೌದು, ನಮ್ಮ ಟಾಟಾವೇ. ದೊಡ್ಡ ಬಸ್ಸು ‘ಡಕಾರ್ ದೆಮ್ ದಿಕ್ಕ್’. ದಿಯಾಮ್ನಿಯಾದಿಯೊ ಕಡೆಗೆ ರೈಲಿದೆ. ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆಯ ಹೊತ್ತಿಗೆ ಮಸೀದಿಗಳ ಸುತ್ತ ರಸ್ತೆ ಬಂದ್. ಬಕ್ರೀದನ್ನು ಇಲ್ಲಿ ‘ತಬಾಸ್ಕಿ’ ಎನ್ನುತ್ತಾರೆ. ಆಗ ನಗರವೇ ಊರಿಗೆ ಹೋಗುತ್ತದೆ, ತರಕಾರಿ ಮತ್ತು ಅಡುಗೆ ಅನಿಲವನ್ನು ಮುಂಚೆಯೇ ತಂದಿಟ್ಟುಕೊಳ್ಳಿ.

ಪೊಲೀಸ್ 17, ಅಗ್ನಿಶಾಮಕ 18, ತುರ್ತು ವೈದ್ಯಕೀಯ ಸೇವೆ 1515. ಇಲ್ಲಿ ವಿಳಾಸಕ್ಕಿಂತ ಗುರುತು ಮುಖ್ಯ: ಯಾವ ಮಸೀದಿ, ಯಾವ ಔಷಧ ಅಂಗಡಿ, ಯಾವ ಪೆಟ್ರೋಲ್ ಬಂಕ್ ಹತ್ತಿರ. ಆ ಗುರುತುಗಳನ್ನು ಫ್ರೆಂಚಿನಲ್ಲಿ ಬರೆಸಿ ಬಾಗಿಲ ಹಿಂದೆ ಅಂಟಿಸಿಡಿ. ಗಾಬರಿಯಲ್ಲಿ ಮಾತು ಹೊರಡದಿದ್ದರೆ ಆ ಕಾಗದವನ್ನೂ ಫೋನನ್ನೂ ಕಾವಲುಗಾರರ ಕೈಗೆ ಕೊಡಿ, ಉಳಿದದ್ದನ್ನು ಅವರು ಮಾತನಾಡುತ್ತಾರೆ.