ರಾತ್ರಿ 9.42ರ ಲ್ಯಾಂಡಿಂಗ್, ನಾನು ಬರೆದ ಮೇಲ್ಮನವಿ

ಸೋಮವಾರಪೇಟೆ ಕಡೆಯ ನಮ್ಮ ಮನೆಯಲ್ಲಿ ಜುಲೈ ತಿಂಗಳ ರಾತ್ರಿಗೆ ಎರಡು ಗುರುತು: ಹೆಂಚಿನ ಮೇಲೆ ಬಿಡದೆ ಬೀಳುವ ಮಳೆಯ ಸದ್ದು, ಹೇಳದೆ ಹೋಗಿ ಹೇಳದೆ ಬರುವ ಕರೆಂಟು. ಕಾಫಿ ತೋಟದ ಕೆಲಸ ಆ ದಿನಗಳಲ್ಲಿ ಬೇಗ ಮುಗಿಯುತ್ತದೆ. ಊಟವಾದ ಮೇಲೆ ನಾನು ಲ್ಯಾಪ್‌ಟಾಪ್ ಮುಂದೆ ಕುಳಿತು ಬೆಂಗಳೂರಿನಿಂದ ಮಂಗಳೂರಿಗೆ ವಿಮಾನ ಹಾರಿಸುತ್ತೇನೆ. ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ಮಂಗಳೂರಿಗೂ ಕಣ್ಣೂರಿಗೂ ಘಟ್ಟ ಇಳಿದೇ ಹೋಗಬೇಕು. ಪರದೆಯ ಮೇಲಾದರೋ ನಮ್ಮ ಬೆಟ್ಟಗಳು ಕೆಲವೇ ನಿಮಿಷಗಳಲ್ಲಿ ರೆಕ್ಕೆಯಡಿ ಸರಿದುಹೋಗುತ್ತವೆ.

ಹೀಗೆ ಪರದೆಯ ಮೇಲೆ ವಿಮಾನ ಹಾರಿಸುವ ಸಿಮ್ಯುಲೇಟರ್ ಎಂದಾಕ್ಷಣ ಒಬ್ಬರೇ ಕುಳಿತು ಆಡುವ ಆಟ ಎಂದುಕೊಳ್ಳುವವರು ಹೆಚ್ಚು. ನಾನಿರುವ ಸಮುದಾಯದಲ್ಲಿ ಒಂದೇ ಆಕಾಶದಲ್ಲಿ ನೂರಾರು ಜನ ಒಟ್ಟಿಗೆ ಹಾರುತ್ತಾರೆ. ನೆಲದಲ್ಲಿ ಕುಳಿತು ದಾರಿ ಹೇಳುವ ಕಂಟ್ರೋಲರ್‌ಗಳೂ ನಮ್ಮಂಥ ಸ್ವಯಂಸೇವಕರೇ. ಹಾಗಾಗಿ ನಿಯಮಗಳಿವೆ, ಮುರಿದರೆ ದಾಖಲೆಗೆ ಉಲ್ಲಂಘನೆ ಸೇರುತ್ತದೆ. ಕೆಲವನ್ನು ಯಂತ್ರವೇ ಹಾಕುತ್ತದೆ, ಕೆಲವನ್ನು ಕಂಟ್ರೋಲರ್ ವರದಿ ಮಾಡುತ್ತಾರೆ. ಒಂದನೇ ಹಂತದ್ದು ಎಚ್ಚರಿಕೆ, ಎರಡನೇ ಹಂತದ್ದಾದರೆ ಏಳು ದಿನ ಹಾರುವಂತಿಲ್ಲ. ಒಪ್ಪಿಗೆಯಿಲ್ಲದಿದ್ದರೆ ಏಳು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು.

ನನ್ನ ಮೊದಲ ಮೇಲ್ಮನವಿ ಒಂದೇ ಸಾಲಿನ ಉತ್ತರದೊಂದಿಗೆ ತಿರಸ್ಕೃತವಾಯಿತು. ತಿರಸ್ಕರಿಸಿದ್ದು ಸರಿಯೇ. ಮಂಗಳೂರಿಗೆ ಇಳಿಯುವಾಗ 9,400 ಅಡಿ ಎತ್ತರದಲ್ಲಿ 290 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿದ್ದೆ. 10,000 ಅಡಿಗಿಂತ ಕೆಳಗೆ 250 ನಾಟ್ ದಾಟಬಾರದು ಎಂಬುದು ನಿಜವಾದ ವಿಮಾನಯಾನದಲ್ಲೂ ಇರುವ ನಿಯಮ. ನಾನು ಬರೆದದ್ದು ಏನು? ಎರಡು ವರ್ಷದಿಂದ ಹಾರಿಸುತ್ತಿದ್ದೇನೆ, ಸುತ್ತಮುತ್ತ ಯಾವ ವಿಮಾನವೂ ಇರಲಿಲ್ಲ, ಇಷ್ಟು ಚಿಕ್ಕದಕ್ಕೆ ಶಿಕ್ಷೆಯೇ ಎಂದು. ಸಾಲದ್ದಕ್ಕೆ ನಮ್ಮ ಗಡಿಯಾರದ ಸಮಯ ಹಾಕಿದ್ದೆ. ಹಾರಾಟದ ದಾಖಲೆ, ಅಂದರೆ ಲಾಗ್, ಇರುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ, ನಮಗಿಂತ ಐದೂವರೆ ಗಂಟೆ ಹಿಂದೆ. ಪರಿಶೀಲಿಸಿದವರಿಗೆ ಆ ಸಮಯದಲ್ಲಿ ನನ್ನ ಹಾರಾಟವೇ ಸಿಕ್ಕಿರಲಿಲ್ಲ.

ಈ ವೇಗಮಿತಿಯ ಹಿಂದಿನ ಕಥೆ ನನಗೆ ಆಮೇಲೆ ತಿಳಿಯಿತು. 1960ರ ಡಿಸೆಂಬರ್ 16ರಂದು ನ್ಯೂಯಾರ್ಕ್ ನಗರದ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿ ಹೊಡೆದು, ನೆಲದ ಮೇಲಿದ್ದವರೂ ಸೇರಿ 134 ಜನ ಸತ್ತರು. ಆ ದುರಂತದ ನಂತರವೇ ಅಮೆರಿಕದಲ್ಲಿ ವಿಮಾನ ನಿಲ್ದಾಣಗಳ ಸಮೀಪ, 10,000 ಅಡಿಯ ಕೆಳಗೆ ಈ ಕಡಿವಾಣ ಬಿತ್ತು. ಇದನ್ನು ಓದಿದ ಮೇಲೆ 'ಚಿಕ್ಕದು' ಎಂಬ ಮಾತನ್ನು ನಾನು ಮತ್ತೆ ಬರೆದಿಲ್ಲ.

ನನ್ನ ಎರಡನೆಯ ಮೇಲ್ಮನವಿ ಬೇರೆ ಥರದ್ದು. ಮಂಗಳೂರಿನ '24' ಎಂಬ ಸಂಖ್ಯೆಯ ರನ್‌ವೇಗೆ ಇಳಿಯುತ್ತಿದ್ದೆ. ಬೆಟ್ಟದ ನೆತ್ತಿ ಸಮ ಮಾಡಿ ಕಟ್ಟಿದ, ಆಚೀಚೆ ಕಣಿವೆಯಿರುವ ಟೇಬಲ್‌ಟಾಪ್ ರನ್‌ವೇ ಅದು. 2010ರ ಮೇ 22ರಂದು ವಿಮಾನ ದುರಂತದಲ್ಲಿ 158 ಜನ ಪ್ರಾಣ ಕಳೆದುಕೊಂಡ ಜಾಗ. ಪರದೆಯ ಮೇಲೂ ಅಲ್ಲಿ ಇಳಿಯುವಾಗ ನನ್ನ ಬೆನ್ನು ನೆಟ್ಟಗಾಗುತ್ತದೆ. ಮಳೆ ಜೋರಾಗಿತ್ತು, ಕರೆಂಟು ಹೋಯಿತು, ಮೋಡೆಮ್‌ನ ಹಸಿರು ದೀಪ ಆರಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಲೇ ಇತ್ತು, ವಿಮಾನವೂ ಇಳಿಯುತ್ತಲೇ ಇತ್ತು. ಇಳಿಸಿದೆ. ಕಿಟಕಿಯಲ್ಲಿಟ್ಟ ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಸಂಪರ್ಕ ಸಿಗುತ್ತಲೇ ಪರದೆಯ ಮೇಲೆ ಮೂಡಿದ್ದು ಎರಡನೇ ಹಂತದ ಉಲ್ಲಂಘನೆ: ಅನುಮತಿಯಿಲ್ಲದೆ ಇಳಿದಿದ್ದಾರೆ, 'ಗೋ ಅರೌಂಡ್' (ಇಳಿಯದೆ ಮತ್ತೆ ಮೇಲೇರಿ) ಎಂದು ಎರಡು ಬಾರಿ ಹೇಳಿದರೂ ಬೇಕೆಂದೇ ನಿರ್ಲಕ್ಷಿಸಿದ್ದಾರೆ.

'ಬೇಕೆಂದೇ' ಎಂಬ ಆ ಒಂದು ಪದ ನನ್ನ ನಿದ್ದೆ ಕೆಡಿಸಿತು.

ಮರುದಿನ ಬೆಳಿಗ್ಗೆ ನಮ್ಮ ಪಕ್ಕದ ತೋಟದ ಮಾವ ಬಂದರು. ವಾಯುಪಡೆಯಲ್ಲಿ ವಿಮಾನ ನಿರ್ವಹಣೆಯ ಕೆಲಸ ಮಾಡಿ ನಿವೃತ್ತರಾದವರು. ಕಾಫಿ ಕುಡಿಯುತ್ತಾ ನನ್ನ ದೂರೆಲ್ಲ ಕೇಳಿಸಿಕೊಂಡರು.

"ಬೇಸರವನ್ನು ಬರೆಯಬೇಡಪ್ಪ, ಗಡಿಯಾರವನ್ನು ಬರೆ. ವಿಮಾನ ಎಲ್ಲಿತ್ತು, ಎಷ್ಟು ಹೊತ್ತಿಗಿತ್ತು, ಅಷ್ಟೇ" ಎಂದರು.

"ಮಾವ, ನನಗೆ ಇಳಿಯಲು ಅನುಮತಿ ಕೊಟ್ಟಿದ್ದರು. ನನಗೆ ಚೆನ್ನಾಗಿ ನೆನಪಿದೆ."

"ನೆನಪು ಬೇರೆ, ದಾಖಲೆ ಬೇರೆ. ಮೊದಲು ನೋಡು, ಆಮೇಲೆ ಹೇಳು."

ಹಾಗೆ ಹೇಳುತ್ತಲೇ ಅವರು ಅಜ್ಜಮಾಡ ದೇವಯ್ಯನವರನ್ನು ನೆನೆದರು. ಕೊಡಗಿನಲ್ಲಿ ಈ ಹೆಸರು ಗೊತ್ತಿಲ್ಲದವರು ಕಡಿಮೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಈ ಸ್ಕ್ವಾಡ್ರನ್ ಲೀಡರ್ ಮರಳಲಿಲ್ಲ. ತಮ್ಮ ಮಿಸ್ಟೇರ್ ಯುದ್ಧವಿಮಾನದಲ್ಲಿ ಅವರು ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿದ್ದರು ಎಂಬುದು ಪಾಕಿಸ್ತಾನದ ಕಡೆಯ ವಿವರಗಳು ಹೊರಬಂದ ಮೇಲಷ್ಟೇ ನಮ್ಮವರಿಗೆ ತಿಳಿಯಿತು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅವರ ತ್ಯಾಗದ ಪಕ್ಕದಲ್ಲಿ ನನ್ನ ಪರದೆಯ ಗೋಳನ್ನು ಇಡುವ ಉದ್ಧಟತನ ನನಗಿಲ್ಲ. ಮಾವ ಹೇಳಲು ಬಂದದ್ದು ಒಂದೇ: ಎದುರಿನವರ ದಾಖಲೆಯಲ್ಲಿ ಏನಿದೆ ಎಂದು ನೋಡದೆ ಕಥೆ ಪೂರ್ತಿಯಾಗುವುದಿಲ್ಲ.

ಅಂದು ಸಂಜೆ ರಿಪ್ಲೇ, ಅಂದರೆ ಹಾರಾಟವನ್ನು ಮತ್ತೆ ತೋರಿಸುವ ದಾಖಲೆ, ತೆರೆದೆ. ಒಂದು ಹಾಳೆಯ ಮಧ್ಯದಲ್ಲಿ ಗೆರೆ ಎಳೆದು ಎಡಗಡೆ ನನ್ನ ವಿಮಾನ, ಬಲಗಡೆ ಕಂಟ್ರೋಲರ್ ಹೇಳಿದ್ದು ಎಂದು ಬರೆದೆ. ಸಮಯವೆಲ್ಲ ಯುಟಿಸಿಯಲ್ಲಿ. 16:11:58, ನೆಲದಿಂದ 500 ಅಡಿ ಎತ್ತರ. 16:12:01, ಸಂಪರ್ಕ ಕಡಿತ. 16:12:09 ಮತ್ತು 16:12:24, ಗೋ ಅರೌಂಡ್ ಆದೇಶ. 16:12:41, ಚಕ್ರ ನೆಲಕ್ಕೆ. 16:12:49, ಸಂಪರ್ಕ ವಾಪಸ್. ಎರಡೂ ಆದೇಶಗಳು ನನ್ನ ಕಿವಿ ಮುಚ್ಚಿದ್ದ 48 ಸೆಕೆಂಡಿನೊಳಗೆ ಬಂದಿದ್ದವು. ಸಂಪರ್ಕ ಕಡಿದರೂ ಸರ್ವರ್ ಕೊನೆಯ ವೇಗ, ದಿಕ್ಕು ಹಿಡಿದು ಸ್ವಲ್ಪ ಹೊತ್ತು ವಿಮಾನವನ್ನು ಮುಂದಕ್ಕೆ ತೋರಿಸುತ್ತಿರುತ್ತದೆ. ಹಾಗಾಗಿ ಕಂಟ್ರೋಲರ್ ಕಣ್ಣಿಗೆ ನಾನು ಹೇಳಿದ್ದು ಕೇಳದೆ ನುಗ್ಗುವವನಂತೆಯೇ ಕಂಡಿದ್ದೆ. ಅವರ ಜಾಗದಲ್ಲಿದ್ದರೆ ನಾನೂ ಅದೇ ವರದಿ ಬರೆಯುತ್ತಿದ್ದೆ.

ಗೆದ್ದೆ ಎನ್ನಿಸಿತು. ಅಭ್ಯಾಸಬಲದಿಂದ ಇನ್ನೂ ಎರಡು ನಿಮಿಷ ಹಿಂದಕ್ಕೆ ಹೋಗಿ ಕೇಳಿದೆ. ನನಗೆ ಚೆನ್ನಾಗಿ ನೆನಪಿದ್ದ ಆ ಅನುಮತಿ ಎಲ್ಲೂ ಇರಲಿಲ್ಲ. ಕಂಟ್ರೋಲರ್ ಹೇಳಿದ್ದು 'ಮುಂದುವರಿಯಿರಿ, ನೀವು ಎರಡನೆಯವರು' ಎಂದು ಮಾತ್ರ. ಮುಂದುವರಿಯುವುದು ಬೇರೆ, ಇಳಿಯುವುದು ಬೇರೆ. ಇಳಿಯಲು ಇನ್ನೊಂದು ಮಾತು ಬರಬೇಕಿತ್ತು. ಪರದೆಯನ್ನು ದೊಡ್ಡದು ಮಾಡಿ ನೋಡಿದರೆ ರನ್‌ವೇ ದೀಪಗಳ ನಡುವೆ, ಆಚೆ ತುದಿಯ ಹತ್ತಿರ, ನನಗಿಂತ ಮುಂಚೆ ಇಳಿದ ಎಟಿಆರ್ ವಿಮಾನದ ಬಾಲದ ಬಿಳಿ ದೀಪ ಕಾಣುತ್ತಿತ್ತು. ಅಂದು ರಾತ್ರಿಯೂ ಅದು ಅಲ್ಲೇ ಇತ್ತು. ನನ್ನ ಕಣ್ಣು ಮೋಡೆಮ್ ಕಡೆಗಿತ್ತು.

ತುಂಬಾ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ಎರಡು ನಿಮಿಷವನ್ನು ಕತ್ತರಿಸಿ ಉಳಿದ 48 ಸೆಕೆಂಡನ್ನು ಮಾತ್ರ ಕಳುಹಿಸಬಹುದಿತ್ತು. ಆದರೆ ರಿಪ್ಲೇ ಅವರ ಬಳಿಯೂ ಇರುತ್ತದೆ, ಅದಕ್ಕಿಂತ ಹೆಚ್ಚಾಗಿ ಅದು ನಿಜವಾಗಿಯೂ ನಡೆದದ್ದು. ಪೂರ್ತಿ ಕಡತ ಲಗತ್ತಿಸಿ ಹೀಗೆ ಬರೆದೆ:

"ಅನುಮತಿಯಿಲ್ಲದೆ ಇಳಿದದ್ದು ನಿಜ. ಅನುಮತಿ ಇದೆ ಎಂದು ತಪ್ಪಾಗಿ ತಿಳಿದಿದ್ದೆ. ರನ್‌ವೇಯಲ್ಲಿ ವಿಮಾನ ಇದ್ದದ್ದನ್ನೂ ನಾನು ನೋಡಬೇಕಿತ್ತು. ಗೋ ಅರೌಂಡ್ ಆದೇಶಗಳು ಮಾತ್ರ ನನಗೆ ತಲುಪಿಲ್ಲ. 16:12:01ರಿಂದ 16:12:49ರವರೆಗೆ ಸಂಪರ್ಕವಿರಲಿಲ್ಲ, ಲಾಗ್ ಲಗತ್ತಿಸಿದ್ದೇನೆ. 'ಬೇಕೆಂದೇ ನಿರ್ಲಕ್ಷಿಸಿದ್ದಾರೆ' ಎಂಬ ಭಾಗವನ್ನು ಮರುಪರಿಶೀಲಿಸಬೇಕೆಂದು ಕೋರುತ್ತೇನೆ."

ಇಷ್ಟೇ. ಎಷ್ಟು ವರ್ಷದ ಅನುಭವ, ಎಷ್ಟು ಬೇಸರ, ನಮ್ಮೂರ ಮಳೆ, ಯಾವುದೂ ಅದರಲ್ಲಿರಲಿಲ್ಲ.

ಮೂರನೇ ದಿನ ಉತ್ತರ ಬಂತು. ಉಲ್ಲಂಘನೆ ಉಳಿಯಿತು, ಆದರೆ ಒಂದನೇ ಹಂತಕ್ಕೆ ಇಳಿಯಿತು. 'ಬೇಕೆಂದೇ' ಎಂಬ ಪದ ಹೋಯಿತು. ನಿರ್ಬಂಧ ಅಂದೇ ತೆರವಾಯಿತು. ಕೆಳಗೆ ಕಂಟ್ರೋಲರ್ ಎರಡು ಸಾಲು ಸೇರಿಸಿದ್ದರು: ನಿಮ್ಮ ಸಂಪರ್ಕ ಹೋದದ್ದು ನನ್ನ ಪರದೆಯಲ್ಲಿ ಕಾಣುತ್ತಿರಲಿಲ್ಲ, ಮುಂದೆ ಇಂಥ ಸಂದರ್ಭದಲ್ಲಿ ವರದಿಗೆ ಮುನ್ನ ಖಾಸಗಿಯಾಗಿ ಕೇಳುತ್ತೇನೆ ಎಂದು. ಕೆಲಸ ಮುಗಿಸಿ ಬಂದು, ಸಂಬಳವಿಲ್ಲದೆ ಅಪರಿಚಿತರ ವಿಮಾನಗಳನ್ನು ಸಾಲಾಗಿ ನಿಲ್ಲಿಸುವ ಜನ ಅವರು. ಆ ಎರಡು ಸಾಲು ಬರೆಯಲೇಬೇಕೆಂದೇನೂ ಇರಲಿಲ್ಲ.

ಮೋಡೆಮ್‌ಗೆ ಸಣ್ಣ ಬ್ಯಾಕಪ್ ಬ್ಯಾಟರಿ ಕೊಂಡೆ. ಮಳೆಗಾಲದ ರಾತ್ರಿ ಕಂಟ್ರೋಲರ್ ಇರುವ ನಿಲ್ದಾಣಕ್ಕೆ ಹೋಗುವುದಿದ್ದರೆ, ಸಂಪರ್ಕ ದುರ್ಬಲವಾಗಿದೆ ಎಂದು ಮೊದಲ ಮಾತಿನಲ್ಲೇ ತಿಳಿಸುತ್ತೇನೆ. 1,000 ಅಡಿಗೆ ಬಂದಾಗ, ಇಳಿಯಲು ಅನುಮತಿ ಕೊಟ್ಟ ಮಾತು ಕಿವಿಗೆ ಬಿದ್ದಿದೆಯೇ ಎಂದು ಬಾಯಿಬಿಟ್ಟು ಕೇಳಿಕೊಳ್ಳುತ್ತೇನೆ. ಅನುಮಾನವಿದ್ದರೆ ಯಾರೂ ಹೇಳದಿದ್ದರೂ ಎಂಜಿನ್ ಶಕ್ತಿ ಹೆಚ್ಚಿಸುವ ಥ್ರಸ್ಟ್ ಹಿಡಿಯನ್ನು ಮುಂದಕ್ಕೆ ತಳ್ಳಿ ಮೇಲೇರುತ್ತೇನೆ.

ಈಗ ನಮ್ಮ ಕಡೆಯ ಹೊಸಬರು ಮೇಲ್ಮನವಿ ಬರೆಯುವ ಮುನ್ನ ನನಗೆ ಕರಡು ಕಳುಹಿಸುವುದುಂಟು. ಕಳೆದ ತಿಂಗಳು ಕುಶಾಲನಗರದ ಪಿಯುಸಿ ಹುಡುಗನೊಬ್ಬ ಒಂದೂವರೆ ಪುಟ ಕಳುಹಿಸಿದ್ದ. ರನ್‌ವೇಗೆ ಹೋಗಿಬರುವ ದಾರಿಯಾದ ಟ್ಯಾಕ್ಸಿವೇಯಲ್ಲಿ ಅತಿವೇಗ, ಯಂತ್ರ ಹಾಕಿದ ಒಂದನೇ ಹಂತದ ಉಲ್ಲಂಘನೆ. ಸಮಯ ಎಲ್ಲೂ ಇರಲಿಲ್ಲ. ರಿಪ್ಲೇ ನೋಡಿದೆಯಾ ಎಂದು ಕೇಳಿದೆ. ಇಲ್ಲ ಅಣ್ಣ ಎಂದ. ಒಂದು ಗಂಟೆ ಬಿಟ್ಟು ಅವನೇ ಫೋನ್ ಮಾಡಿದ: "ಅಣ್ಣ, 41 ನಾಟ್ ಇತ್ತು. ಮೇಲ್ಮನವಿ ಹಾಕುವುದಿಲ್ಲ. ಆ ತಿರುವಿನಲ್ಲಿ ಬ್ರೇಕ್ ಯಾವಾಗ ಹಿಡಿಯಬೇಕು ಹೇಳಿ." ಅರ್ಧ ಗಂಟೆ ಅದನ್ನೇ ಮಾತನಾಡಿದೆವು.