ಬರ್ಗ್‌ಮನ್ ಚಿತ್ರಕ್ಕೆ ಕನ್ನಡ ಸಬ್‌ಟೈಟಲ್: ಊರಿನ ವಾಚನಾಲಯದಲ್ಲಿ ಸಿನಿಮಾ ತೋರಿಸುವವರಿಗೆ

ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಚಿತ್ರಗಳನ್ನು ಊರಿನ ವಾಚನಾಲಯದಲ್ಲಿ ತೋರಿಸುವ ಆಸೆ ನಿಮಗಿದ್ದರೆ ಪ್ರೊಜೆಕ್ಟರ್ ಹುಡುಕುವ ಮೊದಲು ಕನ್ನಡ ಸಬ್‌ಟೈಟಲ್ ಸಿದ್ಧಮಾಡಿಕೊಳ್ಳಿ. ಇಂಗ್ಲಿಷ್ ಸಾಲುಗಳು ಡಿಸ್ಕ್‌ನಲ್ಲೇ ಇರುತ್ತವೆ. ಮಲಯಾಳದಲ್ಲಿ ಎಂಸೋನ್ ಎಂಬ ಸ್ವಯಂಸೇವಕರ ಬಳಗ ಲೋಕದ ಎಷ್ಟೋ ಚಿತ್ರಗಳಿಗೆ ಸಬ್‌ಟೈಟಲ್ ಮಾಡಿಟ್ಟಿದೆ. ಆ ಶ್ರದ್ಧೆಗೆ ನಾನು ತಲೆಬಾಗುತ್ತೇನೆ. ಆದರೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರಿಗೆ ಮಲಯಾಳ ಕೇಳಿದರೆ ತಿಳಿಯುತ್ತದೆ, ಪರದೆಯ ಮೇಲೆ ಬಂದುಹೋಗುವ ವೇಗದಲ್ಲಿ ಓದಲು ಆಗುವುದಿಲ್ಲ. ಅವರನ್ನು ಹೊರಗಿಟ್ಟು ನಮ್ಮ ಊರಿನಲ್ಲಿ ಚಿತ್ರಪ್ರದರ್ಶನ ಮಾಡುವುದರಲ್ಲಿ ಅರ್ಥವಿಲ್ಲ.

ಬರ್ಗ್‌ಮನ್ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅವರ ಚಿತ್ರಗಳಲ್ಲಿ ಕಥೆ ನಡೆಯುವುದು ಮುಖದ ಮೇಲೆ. ಲಿವ್ ಉಲ್ಮನ್, ಬಿಬಿ ಆಂಡರ್ಸನ್, ಇಂಗ್ರಿಡ್ ಥುಲಿನ್, ಮ್ಯಾಕ್ಸ್ ವಾನ್ ಸಿಡೋ ಈ ನಟನಟಿಯರ ಮುಖಗಳಿಗೆ ಕ್ಯಾಮೆರಾ ಹತ್ತಿರ ಹೋಗಿ, ಬೇರೆಯವರಾದರೆ ದೃಶ್ಯ ಮುಗಿಸಿಬಿಡುವ ಹೊತ್ತಿನಲ್ಲೂ ಅಲ್ಲಿಯೇ ನಿಂತಿರುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಹಾಕಿ ತೋರಿಸಿದ ಒಂದು ಸಂಜೆ ಅಡಿಕೆ ಕೃಷಿಕರಾದ ಹಿರಿಯರೊಬ್ಬರು ಎದ್ದು, “ಟೀಚರೇ, ನಾವು ಮೋರೆ ನೋಡಬೇಕೋ ಅಕ್ಷರ ನೋಡಬೇಕೋ?” ಎಂದು ಕೇಳಿದರು. ಸಬ್‌ಟೈಟಲ್ ಮಾಡಲು ಕುಳಿತಾಗಲೆಲ್ಲ ಈ ಪ್ರಶ್ನೆಯನ್ನು ಮುಂದಿಟ್ಟುಕೊಳ್ಳಿ. ನೋಡುವವರ ಕಣ್ಣು ಬೇಗ ಮುಖಕ್ಕೆ ಮರಳುವ ಹಾಗಿರಬೇಕು ನಿಮ್ಮ ಸಾಲು.

ಮೊದಲ ಚಿತ್ರವಾಗಿ ‘ವೈಲ್ಡ್ ಸ್ಟ್ರಾಬೆರೀಸ್’ ಆರಿಸಿಕೊಳ್ಳಿ. 1957ರ ಚಿತ್ರ, ಒಂದೂವರೆ ಗಂಟೆ. ಎಪ್ಪತ್ತು ದಾಟಿದ ವೈದ್ಯ ಪ್ರಾಧ್ಯಾಪಕನೊಬ್ಬ ಗೌರವ ಸ್ವೀಕರಿಸಲು ಸ್ಟಾಕ್‌ಹೋಮ್‌ನಿಂದ ಲುಂಡ್‌ಗೆ ಕಾರಿನಲ್ಲಿ ಹೋಗುತ್ತಾನೆ, ಪಕ್ಕದಲ್ಲಿ ಸೊಸೆ. ಅವಳು ಮಾವನ ಮುಖಕ್ಕೇ ಸತ್ಯ ಹೇಳುತ್ತಾಳೆ. ನಿವೃತ್ತ ಮಾಸ್ತರರು, ಮಕ್ಕಳೆಲ್ಲ ಬೆಂಗಳೂರಿಗೋ ಕೊಲ್ಲಿಗೋ ಹೋಗಿ ಮನೆಯಲ್ಲಿ ಇಬ್ಬರೇ ಉಳಿದ ದಂಪತಿ, ಇವರು ಕೂತಿರುವ ಸಭೆಯಲ್ಲಿ ಈ ಚಿತ್ರಕ್ಕೆ ಪೀಠಿಕೆಯೇ ಬೇಡ. ಇದನ್ನು ತೆಗೆದಾಗ ಬರ್ಗ್‌ಮನ್‌ಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಮುದುಕನಾಗಿ ನಟಿಸಿದವರು ವಿಕ್ಟರ್ ಶೋಸ್ಟ್ರೋಮ್, ಸ್ವೀಡನ್ನಿನ ಮೂಕಿಚಿತ್ರ ಕಾಲದ ದೊಡ್ಡ ನಿರ್ದೇಶಕ. ‘ಸೆವೆಂತ್ ಸೀಲ್’ ಎರಡನೆಯದಾಗಿ ಬರಲಿ. ‘ಪರ್ಸೋನಾ’ದಿಂದ ಆರಂಭಿಸಲೇಬೇಡಿ.

ಹಕ್ಕಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಮನೆಯಲ್ಲಿ ನೋಡಲೆಂದು ಕೊಂಡ ಡಿಸ್ಕ್ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿಪತ್ರವಲ್ಲ. ಇವುಗಳಲ್ಲಿ ಬಹಳಷ್ಟು ಚಿತ್ರಗಳನ್ನು ನಿರ್ಮಿಸಿದ್ದು ಸ್ವೆನ್ಸ್ಕ್ ಫಿಲ್ಮ್ಇಂಡಸ್ಟ್ರಿ. ನಿಮ್ಮ ಹತ್ತಿರದ ಫಿಲ್ಮ್ ಸೊಸೈಟಿಯ ಮೂಲಕ ಬರೆದು ಕೇಳಿ; ಕನ್ನಡ ಸಾಲು ಸೇರಿಸುವುದಕ್ಕೂ ಅದೇ ಪತ್ರದಲ್ಲಿ ಒಪ್ಪಿಗೆ ಕೇಳಿ.

ಇನ್ನು ಕೆಲಸಕ್ಕೆ ಬರೋಣ. ಸಬ್‌ಟೈಟಲ್ ಫೈಲ್ ಎಂದರೆ ಸಾದಾ ಅಕ್ಷರಗಳ ಫೈಲ್. ಒಂದು ಕ್ರಮಸಂಖ್ಯೆ, ಅದರ ಕೆಳಗೆ ಸಾಲು ಮೂಡುವ ಮತ್ತು ಮರೆಯಾಗುವ ಸಮಯ, ಅದರ ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು:

12
00:04:10,200 --> 00:04:12,900
ಹೆದರಿರುವುದು ದೇಹ. ನಾನಲ್ಲ.

ಈ ಸಮಯ ಲೆಕ್ಕ ತೋರಿಸಲು ಹಾಕಿದ್ದು. ನಿಮ್ಮ ಪ್ರತಿಯಲ್ಲಿ ಬೇರೆ ಇರುತ್ತದೆ. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ತಂತ್ರಾಂಶದಲ್ಲಿ ಇಂಗ್ಲಿಷ್ ಫೈಲನ್ನು ತೆರೆದು, ಸಮಯವನ್ನು ಹಾಗೆಯೇ ಬಿಟ್ಟು, ಮಾತಿನ ಜಾಗದಲ್ಲಿ ಕನ್ನಡ ಬರೆಯುತ್ತಾ ಹೋಗಬಹುದು. ಕನ್ನಡವನ್ನು ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಬೇಕು. ಆಮಂತ್ರಣ ಪತ್ರಿಕೆ ಮಾಡುವ ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳು ಇನ್ನೂ ಬಳಕೆಯಲ್ಲಿವೆ. ಅದರಲ್ಲಿ ಮಾಡಿದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಬರುತ್ತವೆ. ಉಳಿಸುವಾಗ ಯುಟಿಎಫ್-8 ಎಂದು ಆರಿಸಿ.

ಆರಂಭದಲ್ಲಿ ಸರಿಯಾಗಿಯೇ ಇದ್ದ ಸಾಲುಗಳು ಚಿತ್ರ ಮುಗಿಯುವಷ್ಟರಲ್ಲಿ ನಿಮಿಷಗಟ್ಟಲೆ ಹಿಂದೆ ಬಿದ್ದರೆ ಗಾಬರಿಯಾಗಬೇಡಿ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಂತೆ ಓಡುತ್ತದೆ, ಯುರೋಪಿನ ಹಳೆಯ ಪಾಲ್ ಎಂಬ ಟಿವಿ ಪದ್ಧತಿಯ ಡಿವಿಡಿ 25ರಂತೆ. ಡಿವಿಡಿ ಶೇಕಡಾ ನಾಲ್ಕರಷ್ಟು ಬೇಗ ಓಡುವುದರಿಂದ ಒಂದೂವರೆ ಗಂಟೆಯ ಚಿತ್ರದಲ್ಲಿ ಮೂರೂವರೆ ನಿಮಿಷದ ಅಂತರ ಬಿದ್ದುಬಿಡುತ್ತದೆ. ಒಂದೊಂದೇ ಸಾಲು ತಿದ್ದುತ್ತಾ ಕೂರಬೇಡಿ. ಅದೇ ತಂತ್ರಾಂಶದಲ್ಲಿ ಫ್ರೇಮ್ ದರ ಬದಲಿಸುವ ಸೌಲಭ್ಯವಿದೆ, ಇಡೀ ಫೈಲ್ ಒಮ್ಮೆಗೇ ಸರಿಹೋಗುತ್ತದೆ.

ನಿಜವಾದ ಕಷ್ಟ ಸಾಲನ್ನು ಚಿಕ್ಕದು ಮಾಡುವುದರಲ್ಲಿದೆ. ಮೇಲೆ ಕೊಟ್ಟ ಮಾತು ‘ಸೆವೆಂತ್ ಸೀಲ್’ನ ಆರಂಭದ್ದು. ಧರ್ಮಯುದ್ಧದಿಂದ ಮರಳಿದ ಯೋಧನ ಎದುರು ಕಡಲ ದಂಡೆಯಲ್ಲಿ ಮೃತ್ಯು ಬಂದು ನಿಂತು, ಸಿದ್ಧನಿದ್ದೀಯಾ ಎಂದು ಕೇಳುತ್ತದೆ. ಯೋಧನ ಉತ್ತರವನ್ನು “ನನ್ನ ಶರೀರವು ಭಯಗೊಂಡಿದೆಯೇ ಹೊರತು ನಾನು ಸ್ವತಃ ಭಯಗೊಂಡಿಲ್ಲ” ಎಂದು ಬರೆದರೆ ತಪ್ಪೇನಿಲ್ಲ, ಆದರೆ ಅದನ್ನು ಓದಿ ಮುಗಿಸುವಷ್ಟರಲ್ಲಿ ಮ್ಯಾಕ್ಸ್ ವಾನ್ ಸಿಡೋ ಮುಖವನ್ನು ಕಳೆದುಕೊಂಡಿರುತ್ತೀರಿ. “ಹೆದರಿರುವುದು ದೇಹ. ನಾನಲ್ಲ” ಎಂದರೆ ಕಣ್ಣು ಒಮ್ಮೆ ಕೆಳಗಿಳಿದು ತಕ್ಷಣ ಮೇಲೇರುತ್ತದೆ. ನಾನು ಅನುಸರಿಸುವ ಪರೀಕ್ಷೆ ಸರಳ: ಸಾಲು ಪರದೆಯ ಮೇಲಿರುವಷ್ಟು ಹೊತ್ತಿನಲ್ಲಿ ಅದನ್ನು ಅವಸರವಿಲ್ಲದೆ ಗಟ್ಟಿಯಾಗಿ ಓದಿ ಮುಗಿಸಲು ಬರಬೇಕು. ಬರದಿದ್ದರೆ ಕತ್ತರಿಸಿ. ನಮ್ಮಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳು ಒಂದಕ್ಕೊಂದು ತಾಗುತ್ತವೆ. ಆದಷ್ಟು ಒಂದೇ ಸಾಲಿನಲ್ಲಿ ಮುಗಿಸಿ, ಎರಡು ಬೇಕೇ ಬೇಕೆಂದಾದರೆ ನಡುವೆ ಅಂತರ ಹೆಚ್ಚಿಸಿ.

‘ವಿಂಟರ್ ಲೈಟ್’ ಚಿತ್ರಕ್ಕೆ ಕೈಹಾಕುವ ಮೊದಲು ಅದರಲ್ಲಿರುವ ಪತ್ರದ ದೃಶ್ಯವೊಂದನ್ನೇ ಹಲವು ಬಾರಿ ನೋಡಿ. ಪಾದ್ರಿ ಥೋಮಸ್‌ನನ್ನು ಪ್ರೀತಿಸುವ ಶಾಲಾ ಶಿಕ್ಷಕಿ ಮಾರ್ತಾ ಅವನಿಗೊಂದು ಪತ್ರ ಬರೆದಿರುತ್ತಾಳೆ. ಅವನು ಅದನ್ನು ಒಡೆಯುತ್ತಿದ್ದಂತೆ ಇಂಗ್ರಿಡ್ ಥುಲಿನ್ ನೇರ ಕ್ಯಾಮೆರಾವನ್ನೇ ನೋಡುತ್ತಾ ಆ ಪತ್ರವನ್ನು ಹೇಳತೊಡಗುತ್ತಾರೆ. ನಡುವೆ ಒಂದು ಹಳೆಯ ನೆನಪಿನ ತುಣುಕು ಬಿಟ್ಟರೆ ನಿಮಿಷಗಟ್ಟಲೆ ಆ ಮುಖವೊಂದೇ. ಹಿನ್ನೆಲೆ ಸಂಗೀತವಿಲ್ಲ, ಅವಸರವಿಲ್ಲ. ಅವಳು ತನ್ನ ಕೈಗಳ ಚರ್ಮರೋಗದ ಬಗ್ಗೆ, ಅದನ್ನು ಕಂಡು ಅವನು ಅಸಹ್ಯಪಟ್ಟ ಬಗ್ಗೆ ಹೇಳುತ್ತಾಳೆ. ಇಲ್ಲಿ ಸಾಲುಗಳನ್ನು ಮಾತಿನ ಜೊತೆಗೇ ಇಳಿಸಿ. ಒಂದು ಸೆಕೆಂಡ್ ಮೊದಲೇ ಬಂದರೂ ಅವಳು ಹೇಳುವ ಮುನ್ನವೇ ನೋಡುವವರಿಗೆ ಗೊತ್ತಾಗಿಬಿಡುತ್ತದೆ. ಅವಳು ತಡೆದು ಉಸಿರೆಳೆಯುವಲ್ಲಿ ಪರದೆ ಖಾಲಿ ಇರಲಿ. ನಮ್ಮವರು ಇಷ್ಟು ಹೊತ್ತು ಮಾತು ಕೇಳುತ್ತಾರೆಯೇ ಎಂಬ ಸಂಶಯ ಬೇಡ. ರಾತ್ರಿಯಿಡೀ ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕುಳಿತ ಅರ್ಥಧಾರಿಗಳ ಮಾತನ್ನೇ ಕೇಳಿ ಬೆಳೆದ ಸೀಮೆ ನಮ್ಮದು. ಆ ಪತ್ರದ ಹೊತ್ತಿಗೆ ನಮ್ಮ ಸಭೆಯಲ್ಲಿ ಕೆಮ್ಮೂ ಕೇಳಿಸಲಿಲ್ಲ.

ಇದೇ ಚಿತ್ರದ ಕೊನೆಯ ಭಾಗದಲ್ಲಿ ಬೆನ್ನು ಬಾಗಿದ ಚರ್ಚಿನ ಸೇವಕ ಆಲ್ಗೊಟ್ ಪಾದ್ರಿಯ ಎದುರು ಒಂದು ಮಾತೆತ್ತುತ್ತಾನೆ. ಶಿಲುಬೆಯ ಮೇಲಿನ ದೈಹಿಕ ನೋವು ಕೆಲವು ಗಂಟೆಗಳದ್ದು. ಶಿಷ್ಯರು ನಿದ್ದೆ ಹೋದದ್ದು, ಕೈಬಿಟ್ಟು ಓಡಿದ್ದು, ಕೊನೆಗೆ ದೇವರೂ ಮೌನವಾದದ್ದು ಅದಕ್ಕಿಂತ ದೊಡ್ಡ ಸಂಕಟವಲ್ಲವೇ ಎಂದು. ಇದನ್ನು ಬರೆಯುವಾಗ ನಾನು ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’ ಪಕ್ಕದಲ್ಲಿಟ್ಟುಕೊಂಡಿದ್ದೆ. ಕ್ರಿಸ್ತನ ಕೊನೆಯ ದಿನವನ್ನು ಕನ್ನಡದಲ್ಲಿ ಕಾವ್ಯವಾಗಿಸಿದವರು ನಮ್ಮದೇ ಜಿಲ್ಲೆಯ ಹಿರಿಯರು. ಪ್ರದರ್ಶನಕ್ಕೆ ಒಂದು ವಾರ ಮೊದಲು ವಾಚನಾಲಯದಲ್ಲಿ ಅದರ ಕೆಲವು ಭಾಗಗಳನ್ನು ಓದಿಸಿ. ಲುಥೆರನ್ ಪಾದ್ರಿಯ ಮಗನಾಗಿ ಹುಟ್ಟಿ, ದೇವರ ಮೌನವನ್ನೇ ಜೀವನವಿಡೀ ಪ್ರಶ್ನಿಸಿದ ನಿರ್ದೇಶಕನನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

‘ದ ಸೈಲೆನ್ಸ್’ಗೆ ಬೇರೆ ಎಚ್ಚರ ಬೇಕು. ಇಬ್ಬರು ಸಹೋದರಿಯರು ಮತ್ತು ಒಬ್ಬ ಹುಡುಗ ಭಾಷೆ ತಿಳಿಯದ ಊರಿನ ಹೋಟೆಲಿನಲ್ಲಿ ಉಳಿದುಕೊಳ್ಳುತ್ತಾರೆ. ಆ ಭಾಷೆ ಬರ್ಗ್‌ಮನ್ ಕಟ್ಟಿದ್ದು. ಹೋಟೆಲಿನ ಮುದಿ ಮಾಣಿ ಆಡುವ ಮಾತಿಗೆ ಅರ್ಥ ಹಾಕಲು ಹೋಗಬೇಡಿ, ಆವರಣದಲ್ಲಿ “ವಿದೇಶಿ ಭಾಷೆ” ಎಂದೂ ಬರೆಯಬೇಡಿ. ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಕಿವಿಗೆ ಬೀಳುವ ಕಾಸರಗೋಡಿನವರಿಗೆ ಅರ್ಥವಾಗದ ಮಾತಿನ ನಡುವೆ ಕೂರುವುದು ಹೊಸದಲ್ಲ.

‘ಪರ್ಸೋನಾ’ದಲ್ಲಿ ಒಂದೇ ಮಾತು ಎರಡು ಬಾರಿ ಬರುತ್ತದೆ. ಮಾತು ನಿಲ್ಲಿಸಿದ ನಟಿ ಎಲಿಸಬೆತ್‌ಗೆ ಅವಳ ಮಗನ ಬಗ್ಗೆ, ತಾಯ್ತನದ ಬಗ್ಗೆ ನರ್ಸ್ ಆಲ್ಮಾ ಕಟುವಾಗಿ ಹೇಳುತ್ತಾಳೆ. ಮೊದಲ ಸಲ ಕ್ಯಾಮೆರಾ ಕೇಳುವವಳ ಮುಖದ ಮೇಲೆ, ಎರಡನೆಯ ಸಲ ಹೇಳುವವಳ ಮುಖದ ಮೇಲೆ. ಆಮೇಲೆ ಎರಡು ಮುಖಗಳ ಅರ್ಧರ್ಧ ಒಂದಾಗುತ್ತವೆ. ಎರಡನೆಯ ಸಲ ಜನರಿಗೆ ಬೇಸರವಾದೀತೆಂದು ಸಾಲು ಕಡಿಮೆ ಮಾಡಬಾರದು, ಪದವನ್ನೂ ಬದಲಿಸಬಾರದು. ಮೊದಲ ಸಲದ ಸಾಲುಗಳನ್ನೇ ನಕಲು ಮಾಡಿ ಅಂಟಿಸಿ, ಸಮಯ ಮಾತ್ರ ಹೊಸದಾಗಿ ಹೊಂದಿಸಿ. ಮಾತು ಅದೇ ಆಗಿದ್ದರಷ್ಟೇ ಮುಖ ಬದಲಾದದ್ದು ಕಾಣುತ್ತದೆ. ಪ್ರೊಜೆಕ್ಟರ್ ನಡೆಸುವ ಹುಡುಗನಿಗೂ ಮೊದಲೇ ಹೇಳಿಡಿ: ಚಿತ್ರದ ನಡುವೆ ರೀಲು ಹರಿದು ಸುಟ್ಟ ಹಾಗೆ ಕಾಣುತ್ತದೆ, ಅದು ಚಿತ್ರದ್ದೇ ಭಾಗ, ಯಂತ್ರ ನಿಲ್ಲಿಸಬಾರದು.

ಪ್ರದರ್ಶನದ ಕೋಣೆ ಚೆನ್ನಾಗಿ ಕತ್ತಲಾಗಿರಬೇಕು. ಛಾಯಾಗ್ರಾಹಕ ಸ್ವೆನ್ ನಿಕ್ವಿಸ್ಟ್ ಮತ್ತು ಬರ್ಗ್‌ಮನ್ ಚಳಿಗಾಲದ ಚರ್ಚುಗಳಲ್ಲಿ ಕುಳಿತು ಬೆಳಕು ಹೇಗೆ ಬದಲಾಗುತ್ತದೆಂದು ಗಮನಿಸಿ ‘ವಿಂಟರ್ ಲೈಟ್’ ತೆಗೆದವರು. ಅದರ ಬೂದುಬಣ್ಣದ ಛಾಯೆಗಳು ಹಳದಿ ಗೋಡೆಯ ಮೇಲೆ ಸತ್ತುಹೋಗುತ್ತವೆ. ಬಿಳಿ ಬಟ್ಟೆ ಬಿಗಿಯಾಗಿ ಕಟ್ಟಿ. ‘ಪರ್ಸೋನಾ’ವರೆಗೆ ನಾನು ಹೆಸರಿಸಿದ ಚಿತ್ರಗಳೆಲ್ಲ ಹಳೆಯ ಟಿವಿಯಂತೆ ಹೆಚ್ಚು ಅಗಲವಿಲ್ಲದ ಚೌಕಟ್ಟಿನವು. ಪ್ರೊಜೆಕ್ಟರ್ ಅದನ್ನು ಪರದೆ ತುಂಬ ಎಳೆದರೆ ಮುಖಗಳು ಊದಿಕೊಳ್ಳುತ್ತವೆ. ಚೌಕಟ್ಟನ್ನು 4:3ಕ್ಕೆ ಹಾಕಿ. ಎರಡೂ ಬದಿ ಕಪ್ಪು ಉಳಿದರೆ ಉಳಿಯಲಿ.

ದಿನ ಗೊತ್ತುಮಾಡುವಾಗ ಪತ್ತನಾಜೆಯನ್ನು ನೆನಪಿಡಿ. ಮೇ ಕೊನೆಯ ಹೊತ್ತಿಗೆ ಬರುವ ಆ ದಿನಕ್ಕೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ, ಭೂತಕೋಲಗಳೂ ನಿಲ್ಲುತ್ತವೆ. ದೀಪಾವಳಿಯವರೆಗೆ ಜನರ ರಾತ್ರಿಗಳು ಬಿಡುವಾಗಿರುತ್ತವೆ. ಆದರೆ ಆಷಾಢದ ಮಳೆ ಶೀಟಿನ ಮಾಡಿನ ಮೇಲೆ ಸುರಿಯುವಾಗ ‘ದ ಸೈಲೆನ್ಸ್’ನ ಗಡಿಯಾರದ ಸದ್ದು ಯಾರಿಗೂ ಕೇಳಿಸದು. ಮಾತು ಹೆಚ್ಚಿರುವ ಚಿತ್ರಗಳನ್ನು ಮಳೆಗಾಲಕ್ಕೂ ಮೌನದ ಚಿತ್ರಗಳನ್ನು ಸೆಪ್ಟೆಂಬರ್, ಅಕ್ಟೋಬರ್‌ಗೂ ಇಟ್ಟುಕೊಳ್ಳಿ. ಇನ್ವರ್ಟರ್ ಇಲ್ಲದೆ ಹೊರಡಬೇಡಿ. ‘ಫ್ಯಾನಿ ಆ್ಯಂಡ್ ಅಲೆಕ್ಸಾಂಡರ್’ನ ಐದು ಗಂಟೆ ಮೀರಿದ ಟಿವಿ ರೂಪ ಸಿಕ್ಕರೆ ಕ್ರಿಸ್‌ಮಸ್ ರಜೆಯಲ್ಲಿ ಎರಡು ಸಂಜೆ ಹಂಚಿ ತೋರಿಸಿ, ಕಥೆ ಶುರುವಾಗುವುದೇ ಕ್ರಿಸ್‌ಮಸ್ ಹಬ್ಬದ ಮನೆಯಲ್ಲಿ.

ಆರಂಭದ ಮಾತು ಐದು ನಿಮಿಷ ಮೀರದಿರಲಿ. ಬರ್ಗ್‌ಮನ್ 1918ರಲ್ಲಿ ಉಪ್ಸಾಲಾದಲ್ಲಿ ಹುಟ್ಟಿದರು, 2007ರ ಜುಲೈ 30ರಂದು ಫೋರೋ ದ್ವೀಪದಲ್ಲಿ ತೀರಿಕೊಂಡರು, ಇಟಲಿಯ ನಿರ್ದೇಶಕ ಆಂಟೋನಿಯೋನಿ ತೀರಿಕೊಂಡದ್ದೂ ಅದೇ ದಿನ ಎಂದು ಹೇಳಿ. ಬರ್ಗ್‌ಮನ್ ಅವರ ಹಸ್ತಪ್ರತಿ, ಪತ್ರಗಳ ಸಂಗ್ರಹವನ್ನು ಯುನೆಸ್ಕೋ ಅದೇ ವರ್ಷ ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು, ದ್ವೀಪದ ಅವರ ಮನೆಯಲ್ಲಿ ಈಗ ಕಲಾವಿದರು ಬಂದು ಉಳಿದು ಕೆಲಸ ಮಾಡುತ್ತಾರೆ ಎಂದೂ ಹೇಳಿ. ರಷ್ಯಾದ ನಿರ್ದೇಶಕ ತಾರ್ಕೊವ್‌ಸ್ಕಿ ತಮ್ಮ ಕೊನೆಯ ಚಿತ್ರವನ್ನು ಪಕ್ಕದ ಗಾಟ್‌ಲ್ಯಾಂಡಿನಲ್ಲಿ ತೆಗೆದಾಗ ಕ್ಯಾಮೆರಾ ಹಿಡಿದವರು ಇದೇ ನಿಕ್ವಿಸ್ಟ್. ಪರಂಪರೆ ಹೀಗೆ ಕೈಯಿಂದ ಕೈಗೆ ದಾಟುತ್ತದೆ. ಚಿತ್ರದ ಅರ್ಥವನ್ನು ಮಾತ್ರ ಮೊದಲೇ ಹೇಳಬೇಡಿ. ಮುಗಿದ ಮೇಲೆ ಚಹಾ ಕೊಟ್ಟು, ಹೆಂಗಸರಿಗೆ ಮೊದಲು ಮಾತಾಡಲು ಬಿಡಿ. ‘ಆಟಮ್ ಸೊನಾಟಾ’ ನೋಡಿದ ದಿನ ತಾಯಿ ಮಗಳ ವಿಷಯದಲ್ಲಿ ಅವರು ಹೇಳಿದ್ದನ್ನು ಯಾವ ವಿಮರ್ಶೆಯಲ್ಲೂ ನಾನು ಓದಿಲ್ಲ.

ಆ ಚಿತ್ರದಲ್ಲಿ ಮಗಳು ಶೋಪ್ಯಾನ ಪ್ರಿಲ್ಯೂಡ್ ಒಂದನ್ನು ಪಿಯಾನೋದಲ್ಲಿ ನುಡಿಸುತ್ತಾಳೆ, ಆಮೇಲೆ ಹೆಸರಾಂತ ಕಲಾವಿದೆಯಾದ ತಾಯಿ ಅದನ್ನೇ ನುಡಿಸಿ ತೋರಿಸುತ್ತಾಳೆ. ತಾಯಿ ನುಡಿಸುವಾಗ ಮಗಳು ಅವಳನ್ನು ನೋಡುವ ನೋಟಕ್ಕೆ ಯಾವ ಸಾಲೂ ಬೇಡ, “ಸಂಗೀತ” ಎಂಬ ಸೂಚನೆಯೂ ಬೇಡ.

ಫೈಲ್ ಮುಗಿದ ಮೇಲೆ ಚಿತ್ರ ನೋಡದ ಒಬ್ಬರಿಂದ ಮೊದಲಿನಿಂದ ಕೊನೆಯವರೆಗೆ ಓದಿಸಿ, ಎಡವಿದಲ್ಲೆಲ್ಲ ತಿದ್ದಿ. ಫೈಲಿನ ಹೆಸರಿನಲ್ಲಿ ಚಿತ್ರ, ವರ್ಷ, ಫ್ರೇಮ್ ದರ ಮೂರೂ ಇರಲಿ. ಒಂದು ಪ್ರತಿ ವಾಚನಾಲಯದ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ. ಪ್ರದರ್ಶನದ ಅನುಮತಿ ಪಡೆದು ಕೇಳಿಕೊಂಡು ಬಂದ ಮಂಜೇಶ್ವರದವರಿಗೋ ಪುತ್ತೂರಿನವರಿಗೋ ಹಣ ಕೇಳದೆ ಕೊಟ್ಟುಬಿಡಿ, ಅವರು ತಿದ್ದಿದ್ದನ್ನು ಹಿಂದಕ್ಕೆ ಕೇಳಿ ಪಡೆದುಕೊಳ್ಳಿ.