ಗೋ ಭಾಷೆಯಲ್ಲಿ ಓಎಸ್‌ಗೊಂದು ಫೈಲ್: ನಾನು ಹಂಚಿಡುವ ರೀತಿ

ಒಂದು ಓಎಸ್‌ಗೆ (ವಿಂಡೋಸ್, ಲಿನಕ್ಸ್‌ನಂಥ ಆಪರೇಟಿಂಗ್ ಸಿಸ್ಟಂಗೆ) ಮಾತ್ರ ಸಲ್ಲುವ ಕೋಡನ್ನು ಬೇರೆ ಫೈಲಿಗೆ ಹಾಕುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟೇ: ಇದು ಉಳಿದ ಓಎಸ್‌ಗಳಿಗೂ ಕಂಪೈಲ್ ಆಗುತ್ತದೆಯೇ? ಫೋಲ್ಡರಿನ ಹೆಸರಷ್ಟೇ ಬೇರೆಯಾಗಿದ್ದರೆ ರನ್‌ಟೈಮ್.ಗೋಓಎಸ್ (ಯಾವ ಓಎಸ್ ಎಂದು ಹೇಳುವ ಮೌಲ್ಯ) ನೋಡುವ ಒಂದು ಇಫ್ ಸಾಕು. ಸಿಸ್ಟಂ ಕಾಲ್ (ಓಎಸ್‌ಗೆ ನೇರವಾಗಿ ಕೆಲಸ ಹೇಳುವ ಕರೆ) ಬಂದರೆ ಅದು ಸಾಲದು. ಎಂದೂ ಓಡದ ಕವಲನ್ನೂ ಕಂಪೈಲರ್ ಪರೀಕ್ಷಿಸುತ್ತದೆ; ವಿಂಡೋಸ್‌ಗೆ ಬಿಲ್ಡ್ ಮಾಡುವಾಗ ಅಲ್ಲಿಲ್ಲದ ಸಿಸ್‌ಕಾಲ್.ಫ್ಲಾಕ್ (ಫೈಲ್ ಲಾಕ್ ಮಾಡುವ ಕರೆ) ಕಂಡರೆ ಅಲ್ಲೇ ನಿಲ್ಲುತ್ತದೆ.

ಫೈಲ್ ಲಾಕ್ ಮಾಡುವ ಪ್ಯಾಕೇಜನ್ನೇ ತೆಗೆದುಕೊಳ್ಳಿ. ಮತ್ತೆ ಪ್ರಯತ್ನಿಸುವುದು, ಟೈಮ್‌ಔಟ್, ಎರರ್ ಸಂದೇಶ ಎಲ್ಲವೂ ಲಾಕ್.ಗೋ ಫೈಲಿನಲ್ಲಿ. ಲಾಕ್_ಯುನಿಕ್ಸ್.ಗೋ ಮತ್ತು ಲಾಕ್_ವಿಂಡೋಸ್.ಗೋ ಎರಡರಲ್ಲೂ ಒಂದೇ ಸಿಗ್ನೇಚರಿನ ಎರಡು ಪುಟ್ಟ ಫಂಕ್ಷನ್: ಒಂದು ಲಾಕ್ ಹಾಕಲು, ಇನ್ನೊಂದು ಬಿಡಲು. ಆರ್ಗ್ಯುಮೆಂಟ್ ಓಎಸ್.ಫೈಲ್ ಪಾಯಿಂಟರ್ ಆಗಿರಲಿ. ಫ್ಲಾಕ್‌ಗೆ ಬೇಕಾದದ್ದು ಇಂಟ್, ವಿಂಡೋಸ್‌ನ ಲಾಕ್‌ಫೈಲ್‌ಎಕ್ಸ್‌ಗೆ ಬೇಕಾದದ್ದು ಹ್ಯಾಂಡಲ್. ಆ ಪರಿವರ್ತನೆ ಒಳಗೇ ಮುಗಿಯಬೇಕು.

ಹೆಸರಿನಲ್ಲೇ ಒಂದು ಬಲೆ ಇದೆ. _ವಿಂಡೋಸ್, _ಲಿನಕ್ಸ್ ಎಂಬ ಬಾಲವನ್ನು ಗೋ ತಾನೇ ಗುರುತಿಸಿ ಆ ಫೈಲನ್ನು ಆ ಓಎಸ್‌ಗೆ ಮಾತ್ರ ಬಿಲ್ಡ್ ಮಾಡುತ್ತದೆ. _ಯುನಿಕ್ಸ್ ಅನ್ನು ಗುರುತಿಸುವುದಿಲ್ಲ. ಗೋ 1.19ರಲ್ಲಿ ಬಂದ ಯುನಿಕ್ಸ್ ಎಂಬುದು ಟ್ಯಾಗ್ (ಫೈಲ್ ಯಾವ ಬಿಲ್ಡಿಗೆ ಸೇರಬೇಕೆಂದು ಅದರೊಳಗೇ ಬರೆಯುವ ಗುರುತು) ಮಾತ್ರ, ಆದ್ದರಿಂದ ಫೈಲಿನ ತಲೆಯಲ್ಲಿ //ಗೋ:ಬಿಲ್ಡ್ ಸಾಲು ಬೇಕೇ ಬೇಕು. ಎರಡು ಓರೆಗೆರೆಗಳ (//) ನಂತರ ಸ್ಪೇಸ್ ಬಿಟ್ಟರೆ ಅದು ಬರೀ ಕಾಮೆಂಟ್. ಇನ್ನೊಂದು: ಈ ಟ್ಯಾಗ್‌ನಲ್ಲಿ ಸೊಲಾರಿಸ್, ಎಐಎಕ್ಸ್ ಕೂಡ ಸೇರಿವೆ, ಅಲ್ಲಿ ಸಿಸ್‌ಕಾಲ್.ಫ್ಲಾಕ್ ಇಲ್ಲ. ಅವನ್ನೂ ಬೆಂಬಲಿಸುವುದಾದರೆ ಎಫ್‌ಸಿಎನ್‌ಟಿಎಲ್ ಎಂಬ ಬೇರೆ ಕರೆ ಬಳಸುವ ಮೂರನೇ ಫೈಲ್ ಬೇಕು.

ಬಾಲ ಮತ್ತು ಟ್ಯಾಗ್ ಎರಡೂ ಇದ್ದರೆ ಎರಡೂ ಹೊಂದಬೇಕು. _ಲಿನಕ್ಸ್ ಫೈಲಿನೊಳಗೆ ಡಾರ್ವಿನ್ (ಮ್ಯಾಕ್‌ಓಎಸ್) ಟ್ಯಾಗ್ ಹಾಕಿದರೆ ಅದು ಎಲ್ಲೂ ಬಿಲ್ಡ್ ಆಗದು, ಯಾವ ಎಚ್ಚರಿಕೆಯೂ ಬಾರದು. ಜಾವಾಸ್ಕ್ರಿಪ್ಟ್ ಉತ್ಪಾದಿಸುವ ಕೋಡಿಗೆ ಔಟ್‌ಪುಟ್_ಜೆಎಸ್.ಗೋ ಎಂದು ಹೆಸರಿಟ್ಟರೂ ಹೆಚ್ಚುಕಡಿಮೆ ಇದೇ ಗತಿ, ಏಕೆಂದರೆ ಜೆಎಸ್ ಕೂಡ ಒಂದು ಗೋಓಎಸ್. ಟೆಸ್ಟ್ ಫೈಲಿನಲ್ಲಿ ಓಎಸ್ ಮೊದಲು, ಟೆಸ್ಟ್ ಕೊನೆಗೆ: ಲಾಕ್_ಲಿನಕ್ಸ್_ಟೆಸ್ಟ್.ಗೋ. ತಿರುಗಿಸಿದರೆ ಅದು ಟೆಸ್ಟ್ ಫೈಲೇ ಅಲ್ಲ.

ಉಳಿದ ಓಎಸ್‌ಗಳಿಗೆ ಸ್ಟಬ್ (ಹೆಸರಿಗಷ್ಟೇ ಇರುವ ಫಂಕ್ಷನ್) ಬರೆಯುವವರು ಹೆಚ್ಚಾಗಿ ನಿಲ್ (ಎರರ್ ಇಲ್ಲ ಎಂಬರ್ಥ) ಹಿಂತಿರುಗಿಸಿ ಕೈತೊಳೆದುಕೊಳ್ಳುತ್ತಾರೆ. ಲಾಕ್ ವಿಷಯದಲ್ಲಿ ಇದು ಅಪಾಯ: ಲಾಕ್ ಸಿಕ್ಕಿತೆಂದು ನಂಬಿ ಎರಡು ಪ್ರೊಸೆಸ್‌ಗಳು ಒಂದೇ ಫೈಲಿಗೆ ಬರೆಯುತ್ತವೆ. ಸ್ಟಬ್ ಬೇಕೇ ಆದರೆ ಎರರ್ಸ್.ಎರ್‌ಅನ್‌ಸಪೋರ್ಟೆಡ್ ಕೊಡಿ (ಗೋ 1.21ರಿಂದ ಇದೆ). ನನಗಂತೂ ಸ್ಟಬ್ ಇಲ್ಲದೆ ಬಿಲ್ಡ್ ಮುರಿಯುವುದೇ ವಾಸಿ.

ಎಲ್ಲ ಓಎಸ್‌ಗೂ ಕಂಪೈಲ್ ಆಗುತ್ತದೆಯೇ ಎಂದು ನೋಡಲು ಬೇರೆ ಯಂತ್ರ ಬೇಡ. ಸಿಐನಲ್ಲಿ (ಕೋಡ್ ಬದಲಾದಾಗ ತಾನಾಗಿ ಓಡುವ ತಪಾಸಣೆಯಲ್ಲಿ) ಗೋಓಎಸ್ ಅನ್ನು ಲಿನಕ್ಸ್, ವಿಂಡೋಸ್, ಡಾರ್ವಿನ್ ಎಂದು ಬದಲಿಸುತ್ತಾ ಕೋಡಿನ ತಪ್ಪು ಹುಡುಕುವ ‘ಗೋ ವೆಟ್ ./...’ ಓಡಿಸುತ್ತೇನೆ. ಗೋ ಬಿಲ್ಡ್ ಟೆಸ್ಟ್ ಫೈಲುಗಳನ್ನು ಮುಟ್ಟುವುದಿಲ್ಲ, ವೆಟ್ ಅವನ್ನೂ ನೋಡುತ್ತದೆ. ಯಾವುದಾದರೂ ಫೈಲ್ ಕಾಣೆಯಾಗಿದೆ ಅನ್ನಿಸಿದರೆ ಗೋ ಲಿಸ್ಟ್‌ನಲ್ಲಿ ಇಗ್ನೋರ್ಡ್‌ಗೋಫೈಲ್ಸ್ (ಬಿಲ್ಡಿನಿಂದ ಹೊರಗುಳಿದ ಫೈಲುಗಳ) ಪಟ್ಟಿ ತೆಗೆಯಿರಿ. ಕ್ರಾಸ್ ಕಂಪೈಲ್ (ಬೇರೆ ಓಎಸ್‌ಗಾಗಿ ಬಿಲ್ಡ್) ಮಾಡುವಾಗ ಸಿಗೋ (ಸಿ ಭಾಷೆಯ ಕೋಡ್ ಬಳಸುವ ಸೌಲಭ್ಯ) ತಾನಾಗಿ ಆಫ್ ಆಗುವುದರಿಂದ ‘ಸಿ’ ಇಂಪೋರ್ಟ್ ಮಾಡಿದ ಫೈಲುಗಳೂ ಅದೇ ಪಟ್ಟಿಯಲ್ಲಿ ಸಿಗುತ್ತವೆ.